ಹತ್ತನೆಯ ತೊಳೆತ

ತುಂಗಭದ್ರೆಯ ದಂಡೆಯಲ್ಲಿ, ಬಂಡೆಗಳ ನಡುವೆ ಹೊಳೆ ಹೊರಳುವ ಕಡೆ, ನೀಲವ್ವನ ಆಶ್ರಮವಿತ್ತು. ಆಶ್ರಮ ಎಂದೊಡನೆ ಭಜನೆ, ಜಪಮಣಿ ಎಲ್ಲ ಕಣ್ಣಮುಂದೆ ತಂದುಕೊಳ್ಳಬೇಡಿ. ಅಲ್ಲಿದ್ದದ್ದು ಸಾಲು ಸಾಲು ನೀರಿನ ಹರವಿಗಳು, ಒಂದು ಭಟ್ಟಿ, ಒಂದು ಬೇವಿನ ಮರ, ಮತ್ತು ಮಾತನ್ನು ಉಪ್ಪಿನಕಾಯಿಯಷ್ಟೇ ಬಡಿಸುವ ಒಬ್ಬ ಮುದುಕಿ.

ಆ ಮುದುಕಿ ಪುಡಿ ಮಾಡುತ್ತಿದ್ದಳು.

ಪಟಿಕವನ್ನು ನೀರಿನಲ್ಲಿ ಕರಗಿಸಿ, ಸವಳು ಮಣ್ಣಿನಿಂದ ಇಳಿಸಿದ ಕ್ಷಾರದ ನೀರನ್ನು ಅದಕ್ಕೆ ಹನಿಹನಿಯಾಗಿ ಬಿಟ್ಟರೆ ಬಿಳಿಯ ಗಸಿ ಕೂಡುತ್ತದೆ. ಅದನ್ನು ತೊಳೆದು, ಒಣಗಿಸಿ, ಭಟ್ಟಿಯಲ್ಲಿ ಸುಟ್ಟರೆ ಹಾಲಿನಷ್ಟು ಬಿಳಿಯ ಪುಡಿ. ಎಂಥ ಬೆಂಕಿಗೂ ಜಗ್ಗದ ಪುಡಿ. ಅದನ್ನು ಜೇಡಿಮಣ್ಣಿಗೆ ಕಲಸಿ ಮಾಡಿದ ಮೂಸೆಯಲ್ಲಿ ಕಂಚು ನೀರಾಗಿ ಕುದಿಯುತ್ತದೆ, ಮೂಸೆ ಮಾತ್ರ ಬಿರಿಯುವುದಿಲ್ಲ. ಸುತ್ತಲಿನ ಎರಕದವರೆಲ್ಲ ಅವಳ ಮೂಸೆಯನ್ನೇ ಒಯ್ಯುತ್ತಿದ್ದರು. ಅವಳನ್ನು ಕರೆಯುತ್ತಿದ್ದದ್ದೂ ಪುಡಿಯವ್ವ ಎಂದೇ.

ಅವಳಿಗೆ ಒಬ್ಬನೇ ಶಿಷ್ಯ, ಪಂಪಾಪತಿ. ಮೂವತ್ತು ದಾಟಿದವನು. ಭುಜದ ತನಕ ಕೂದಲು, ಹಣೆ ತುಂಬ ವಿಭೂತಿ. ಬೀದಿಯಲ್ಲಿ ಸಾರಾಯಿ ಕುಡಿದವನು ಎದುರಾದರೆ ಮನೆಗೆ ಬಂದು ಸ್ನಾನ ಮಾಡುವಂಥ ಅಪ್ಪನ ಮಗ. ಮಡಿ ಎಂದರೆ ಅವನಿಗೆ ಉಸಿರಾಟದಷ್ಟು ಸಹಜ.

ವಿದ್ಯೆ ಕಲಿಯಲು ಬಂದವನು ಮೊದಲ ವರ್ಷ ಪೂರ್ತಿ ಕಲಿತದ್ದು ಹನಿ ಬಿಡುವುದನ್ನು.

"ಅವ್ವಾ, ಕ್ಷಾರದ ನೀರು ಒಮ್ಮೆಲೇ ಸುರುವಿದ್ರ ಏನಾಗ್ತೈತಿ?" ಎಂದು ಒಂದು ದಿನ ಕೇಳಿದ.

"ಸುರುವಿ ನೋಡು."

ಸುರುವಿದ. ಗಸಿ ಗಂಟುಗಂಟಾಗಿ ಎದ್ದಿತು. ಒಂದು ಹುರುಳಿಯಷ್ಟು, ಇನ್ನೊಂದು ಸಾಸಿವೆಯಷ್ಟು. ಅವ್ವ ಆ ಹರವಿಯನ್ನು ಪೂರ್ತಿ ಚೆಲ್ಲಿದಳು. ಪಂಪಾಪತಿ ಮತ್ತೆ ಹನಿಗೆ ಕೂತ.

ಎರಡನೆಯ ವರ್ಷ, ಗಸಿಯನ್ನು ನೀರಿನಲ್ಲಿ ಕದಡಿ ಬೇರ್ಪಡಿಸುವ ಕೆಲಸ. ದಪ್ಪ ಕಣ ಮೊದಲು ತಳಕ್ಕೆ ಇಳಿಯುತ್ತದೆ, ಅದನ್ನು ಬಿಸಾಡಬೇಕು. ತೀರಾ ಸಣ್ಣದು ಕೊನೆಯ ತನಕ ತೇಲುತ್ತದೆ, ಅದನ್ನೂ ನೀರಿನೊಂದಿಗೆ ಚೆಲ್ಲಬೇಕು. ನಡುವೆ ಇಳಿದದ್ದಷ್ಟೇ ನಮ್ಮದು. ಅಷ್ಟು ನುಣ್ಣನೆಯದನ್ನು ಚೆಲ್ಲುವಾಗ ಪಂಪಾಪತಿಯ ಹೊಟ್ಟೆ ಉರಿಯುತ್ತಿತ್ತು.

"ದಪ್ಪಂದು ಚೆಲ್ಲೋದು ತಿಳೀತವ್ವಾ. ಸಣ್ಣಂದು ಯಾಕ? ಸಣ್ಣದಾದಷ್ಟೂ ಚಲೋ ಅಲ್ಲೇನು?"

ಅವ್ವ ಒಳಗೆ ಹೋಗಿ ಒಂದು ಮೊರ ತಂದಳು. ಅದರಲ್ಲಿ ಇಡೀ ಜೋಳ, ಒಡೆದ ಜೋಳ, ಜೋಳದ ಹಿಟ್ಟು ಎಲ್ಲ ಕಲಸಿತ್ತು.

"ಇವತ್ತು ಇದರದ್ದ ನುಚ್ಚು ಮಾಡು."

ಅವನು ಬೇಯಿಸಿದ. ಹಿಟ್ಟು ತಳ ಹತ್ತಿ ಸೀದುಹೋಯಿತು. ಇಡೀ ಕಾಳು ಹಲ್ಲಿಗೆ ಕಲ್ಲಾಗಿ ಉಳಿಯಿತು.

"ಉಣ್ಣು," ಎಂದಳು ಅವ್ವ.

ಪಂಪಾಪತಿ ಉಂಡ. ಅಷ್ಟನ್ನೂ ಉಂಡ. ಅಂದಿನಿಂದ ಸಣ್ಣದನ್ನೂ ಚೆಲ್ಲತೊಡಗಿದ.

ಹೀಗೆ ಎಲ್ಲದಕ್ಕೂ ಅವನು ಒಗ್ಗಿಕೊಂಡ. ಒಗ್ಗದೇ ಉಳಿದದ್ದು ಒಂದೇ, ಹತ್ತನೆಯ ತೊಳೆತ.

ಗಸಿಯಲ್ಲಿನ ಉಪ್ಪು ಹೋಗುವ ತನಕ ಒಂಬತ್ತು ಸಲ ಹೊಳೆಯ ನೀರಿನಲ್ಲಿ ತೊಳೆಯಬೇಕು. ಹತ್ತನೆಯ ಸಲ ಸಾರಾಯಿಯಲ್ಲಿ. ಹೌದು, ಸಾರಾಯಿಯಲ್ಲೇ. ಊರಿನ ಅಂಗಡಿಯಿಂದ ತಂದದ್ದನ್ನು ಅವ್ವ ಮತ್ತೊಮ್ಮೆ ಬಟ್ಟಿ ಇಳಿಸಿ, ಕಿಡಿ ತಾಗಿದರೆ ಭಗ್ಗೆನ್ನುವಷ್ಟು ಕಡಕ್ ಮಾಡಿ, ಅದರಲ್ಲಿ ಗಸಿಯನ್ನು ಕದಡಿ ನೆರಳಿಗೆ ಹರವುತ್ತಿದ್ದಳು. ತರುವ ಕೆಲಸ ಶಿಷ್ಯನದು.

ವಿಭೂತಿ ಹಚ್ಚಿದ ಮನುಷ್ಯ ಡಬ್ಬಿ ಹಿಡಿದು ಅಂಗಡಿಯ ಮುಂದೆ ನಿಂತರೆ ಜನ ಸುಮ್ಮನಿರುತ್ತಾರೆಯೇ?

"ದಾರಿ ಬಿಡ್ರಪಾ, ಸ್ವಾಮ್ಯಾರು ತೀರ್ಥಕ್ಕ ಬಂದಾರ!"

ಪಂಪಾಪತಿ ತಲೆ ತಗ್ಗಿಸಿ, ಮೂಗು ಮುಚ್ಚಿಕೊಂಡು, ಡಬ್ಬಿಯನ್ನು ಮಾರು ದೂರ ಹಿಡಿದು ಬರುತ್ತಿದ್ದ. ಬಂದವನೇ ಹೊಳೆಗೆ ಇಳಿದು ಮೂರು ಮುಳುಗು ಹಾಕುತ್ತಿದ್ದ. ಅವ್ವನಿಗೆ ಇದೊಂದು ದುರಭ್ಯಾಸ, ಯಾರೋ ಹಿಂದಿನವರು ಮಾಡಿದರೆಂದು ಇವಳೂ ಮಾಡುತ್ತಾಳೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಕಾಳಾಚಾರಿ ಬಂದ.

ಕಾಳಾಚಾರಿ ಆಚೆ ದಂಡೆಯ ಕಂಚುಗಾರ, ಗಂಟೆ ಎರಕ ಹೊಯ್ಯುವುದರಲ್ಲಿ ಎತ್ತಿದ ಕೈ. ಹರಿಗೋಲಿನ ಕಡವಿಗೆ ಒಂದು ದೊಡ್ಡ ಗಂಟೆ ಬೇಕಾಗಿತ್ತು. ಹೊಳೆ ತುಂಬಿ ಆಚೆ ದಂಡೆ ಕಾಣದ ದಿನ, ಹರಿಗೋಲು ಹುಟ್ಟು ಹಾಕುವವನು ಆ ಸದ್ದಿನ ಮೇಲೆ ದಂಡೆ ಸೇರಬೇಕು.

"ಮಳಿ ಹಿಡಿಯೂದರಾಗ ಗಂಟಿ ತೂಗಬೇಕವ್ವಾ," ಎಂದ ಕಾಳಾಚಾರಿ. "ದೊಡ್ಡ ಮೂಸಿ ಬೇಕು. ಇಷ್ಟು ಕಂಚು ಒಂದ ಸಲಕ್ಕ ನಾ ಎಂದೂ ಎತ್ತಿಲ್ಲ."

ಅವ್ವ ಪಂಪಾಪತಿಯತ್ತ ಕೈ ತೋರಿಸಿದಳು. "ಈ ಸಲ ಇವ ಮಾಡ್ತಾನ. ಪುಡೀನೂ, ಮೂಸೀನೂ."

ಪಂಪಾಪತಿಯ ಎದೆ ಎಷ್ಟು ಉಬ್ಬಿತೆಂದರೆ ಹೆಗಲ ಮೇಲಿನ ವಸ್ತ್ರ ಜಾರಿಬಿತ್ತು.

ಅವನು ಕೆಲಸ ಮಾಡಿದ್ದು ಹೇಗೆ ಎಂದು ಕೇಳಬೇಕು. ಹನಿ ಬಿಡುವಾಗ ಮಿಸುಕಲಿಲ್ಲ. ದಪ್ಪವನ್ನೂ ಚೆಲ್ಲಿದ, ಸಣ್ಣದನ್ನೂ ಚೆಲ್ಲಿದ. ಒಂಬತ್ತು ಸಲ ತೊಳೆದ. ಒಂಬತ್ತನೆಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದ, ಉಪ್ಪಿನ ಸುಳಿವಿಲ್ಲ. ಗುರುವೇ ಕೂತು ಮಾಡಿದ್ದರೂ ಇದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಹತ್ತನೆಯದು ಬಂತು. ಖಾಲಿ ಡಬ್ಬಿ ಮೊಳೆಗೆ ತೂಗಿತ್ತು. ಪಂಪಾಪತಿ ಅದನ್ನು ನೋಡಿದ, ಹೊಳೆಯನ್ನು ನೋಡಿದ.

ಇದು ನನ್ನ ಮೊದಲ ಪುಡಿ, ಎಂದುಕೊಂಡ. ಇದಕ್ಕೆ ಕುಡುಕರ ಎಂಜಲು ಯಾಕೆ? ತೊಳೆಯುವುದೇ ಮುಖ್ಯವಾದರೆ ಹೊಳೆಗಿಂತ ಶುದ್ಧ ಯಾವುದಿದೆ?

ಹೀಗೆ ಹತ್ತನೆಯ ಸಲವೂ ಹೊಳೆಯ ನೀರಿನಲ್ಲೇ ತೊಳೆದ. ಜೊತೆಗೆ ಒಂದು ಮಂತ್ರವನ್ನೂ ಹೇಳಿದ. ಗಸಿಯನ್ನು ಬಿಳಿ ಬಟ್ಟೆಯ ಮೇಲೆ ಹರವಿ, ನೆರಳಿಗಿಟ್ಟು, ನೆಮ್ಮದಿಯಿಂದ ಉಂಡು ಮಲಗಿದ.

ನಾಲ್ಕನೆಯ ದಿನ ಬಟ್ಟೆ ಬಿಚ್ಚಿದರೆ ಅಲ್ಲಿ ಪುಡಿ ಇರಲಿಲ್ಲ. ಹೆಂಟೆಗಳಿದ್ದವು. ಕೊಂಬಿನಷ್ಟು ಗಟ್ಟಿ. ಬೆರಳಲ್ಲಿ ಒತ್ತಿದರೆ ಬೆರಳೇ ನೋಯುವಂಥವು. ಅವ್ವನ ಬಟ್ಟೆಯಲ್ಲಾದರೆ ಊದಿದರೆ ಹಾರುವ ಹುಡಿ ಇರುತ್ತಿತ್ತು.

ಪಂಪಾಪತಿಯ ಮುಖ ಸಣ್ಣದಾಯಿತು. ಆದರೆ ಬುದ್ಧಿ ಚುರುಕಾಯಿತು, ಕೆಟ್ಟ ಕಡೆಗೆ ಅದು ಯಾವಾಗಲೂ ಚುರುಕು. ಹೆಂಟೆಯಾದರೇನಂತೆ, ಕುಟ್ಟಿದರಾಯಿತು.

ಕುಟ್ಟಿದ. ಕಲ್ಲಿನ ಒರಳಿನಲ್ಲಿ ಮೂರು ದಿನ ಕುಟ್ಟಿದ. ಭಟ್ಟಿಯಲ್ಲಿ ಸುಟ್ಟು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದ. ಸೋಸಿದ್ದು ಕಣ್ಣಿಗೆ ಅವ್ವನ ಪುಡಿಯ ಹಾಗೆಯೇ ಇತ್ತು. ಕೈಗೂ ಹಾಗೆಯೇ ಇತ್ತು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಕರಿ ಗಡಿಗೆಯಲ್ಲಿ ಅಲುಗದ ನೀರು ತುಂಬಿ ಮೇಲೆ ಒಂದು ಚಿಟಿಕೆ ಉದುರಿಸಬೇಕು. ಒಳ್ಳೆಯ ಪುಡಿಯಾದರೆ ಎಲ್ಲವೂ ಜೊತೆಯಾಗಿ, ಒಂದೇ ನಡೆಯಲ್ಲಿ ಇಳಿಯುತ್ತದೆ. ಪಂಪಾಪತಿ ಉದುರಿಸಿದ. ಕೆಲವು ಕಣ ಸರಸರ ತಳ ಸೇರಿದವು. ಉಳಿದವು ನಿಧಾನವಾಗಿ ಹಿಂದಿನಿಂದ ಬಂದವು.

ಅವನು ನೋಡಿದ. ಚೆನ್ನಾಗಿಯೇ ನೋಡಿದ. ಆಮೇಲೆ ಗಡಿಗೆ ಅಲುಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ಅವ್ವ ಕೇಳಿದಳು, "ಪುಡಿ ಆತೇನು?"

"ಆತವ್ವಾ."

"ಎಷ್ಟು ಸಲ ತೊಳದಿ?"

"ಹತ್ತು ಸಲ."

ಅದರಲ್ಲಿ ಸುಳ್ಳೇನಿತ್ತು? ಹತ್ತೇ ಸಲ ತೊಳೆದಿದ್ದ. ಅವ್ವ ಅವನನ್ನು ಒಂದು ಗಳಿಗೆ ನೋಡಿ, "ಹಂಗಾದ್ರ ಮೂಸಿ ಮಾಡು," ಎಂದು ಎದ್ದು ಹೋದಳು.

ಮೂಸೆ ಮಾಡಿದ. ಅದೂ ಎಂಥ ಮೂಸೆ! ತುಂಬು ಗರ್ಭಿಣಿಯ ಹೊಟ್ಟೆಯಂತೆ ದುಂಡಗೆ, ಎಲ್ಲೂ ಒಂದು ಸುಕ್ಕಿಲ್ಲ. ಸುಟ್ಟು ತೆಗೆದು ಬೆರಳಲ್ಲಿ ಬಾರಿಸಿದರೆ ಠಣ್ ಎಂದಿತು. ಪಂಪಾಪತಿಯ ಅಳುಕು ಆ ಸದ್ದಿಗೆ ಹೇಳಹೆಸರಿಲ್ಲದೆ ಹೋಯಿತು.

ಎರಕದ ದಿನ ಬಂತು.

ಹೊಸ ಮೂಸೆಯ ಮೊದಲ ಎರಕ ಆಶ್ರಮದ ದಂಡೆಯಲ್ಲೇ ಆಗಬೇಕು, ಅದು ಅಲ್ಲಿನ ರೂಢಿ. ಕಾಳಾಚಾರಿ ವಾರ ಮೊದಲೇ ಬಂದು ಮರಳಿನಲ್ಲಿ ಗಂಟೆಯ ಅಚ್ಚು ಹೂತು ಒಣಗಿಸಿದ್ದ. ಬೆಳಗಾಗುತ್ತಲೇ ಇದ್ದಿಲ ಕುಳಿಗೆ ಬೆಂಕಿ ಹಾಕಿದ. ಕಂಚಿನ ತುಂಡುಗಳ ಚೀಲವನ್ನು ಇಳಿಸಿದ್ದೇ ತಡ, ಅವ್ವ ಬಂದು ಅದರ ಮೇಲೆ ಕುಳಿತುಬಿಟ್ಟಳು.

ರೂಢಿ ಇನ್ನೊಂದಿತ್ತು. ಮೂಸೆ ಎತ್ತುವ ಎರಕದವನು ಕಾಲಿಗೆ ದಪ್ಪ ತೊಗಲಿನ ಕೆರ ಮೆಟ್ಟಿ, ಮೊಣಕಾಲ ತನಕ ಹಸಿ ಗೋಣಿ ಸುತ್ತಿಕೊಳ್ಳುತ್ತಾನೆ. ಪುಡಿ ಮಾಡಿದವರು ಅವನ ಮಗ್ಗುಲಿಗೆ ಬರಿಗಾಲಲ್ಲಿ ನಿಲ್ಲಬೇಕು. ಮೂಸೆ ಬಿರಿದರೆ ಮೊದಲು ಸುಡುವುದು ಅವರ ಕಾಲು. ಇಷ್ಟು ವರ್ಷ ಅಲ್ಲಿ ನಿಲ್ಲುತ್ತಿದ್ದವಳು ಅವ್ವ. ಕುದಿವ ಕಂಚು ಪಕ್ಕದಲ್ಲೇ ಹರಿದರೂ ಅವಳು ಬಂಡೆಯ ಹಾಗೆ ನಿಂತದ್ದನ್ನು ಪಂಪಾಪತಿ ಎಷ್ಟೋ ಸಲ ಕಂಡಿದ್ದ.

ಇಂದು ಅವನ ಸರದಿ. ಅವನು ಕೆರ ಬಿಟ್ಟು ಮರಳಿನ ಮೇಲೆ ಬಂದು ನಿಂತ. ಕರಿ ಗಡಿಗೆಯ ನೀರಿನಲ್ಲಿ ಕಂಡದ್ದು ಒಮ್ಮೆ ನೆನಪಾಯಿತು. ಆದದ್ದಾಗಲಿ, ಸುಟ್ಟರೆ ನನ್ನ ಕಾಲು ತಾನೇ, ಎಂದುಕೊಂಡ. ಬಾಯಿ ಬಿಟ್ಟು ಒಪ್ಪಿಕೊಳ್ಳುವುದಕ್ಕಿಂತ ಅದೇ ಹಗುರವೆನಿಸಿತು.

ಆಗ ಕಾಳಾಚಾರಿ ಕುಕ್ಕರಗಾಲಲ್ಲಿ ಕುಳಿತು ತನ್ನ ಕೆರದ ಪಟ್ಟಿ ಬಿಚ್ಚತೊಡಗಿದ.

"ಯಾಕ ಆಚಾರ್‍ರ, ಬಿಚ್ಚಾಕತ್ತೀರಿ?"

"ಅವ್ವನ ಶಿಷ್ಯನ ಮೊದಲ ಮೂಸಿ," ಎಂದ ಕಾಳಾಚಾರಿ. "ನೀ ಬರಿಗಾಲಾಗ ನಿಂತು ನಾ ಕೆರಾ ಮೆಟ್ಟಿ ನಿಂದ್ರೋದು ಚಂದ ಅಲ್ಲ. ನಿನ್ನ ಮ್ಯಾಲ ನಂಬಿಕಿ ಇಲ್ಲಂದಂಗ ಆಗ್ತೈತಿ."

ಕೆರ ತೆಗೆದಿಟ್ಟ. ಎಡಗಾಲಿನಲ್ಲಿ ಎರಡು ಬೆರಳುಗಳಿರಲಿಲ್ಲ. ಇದ್ದ ಜಾಗದಲ್ಲಿ ಚರ್ಮ ಹೊಳಪಾಗಿ ಸುಕ್ಕುಗಟ್ಟಿತ್ತು.

ಪಂಪಾಪತಿ ನೋಡುತ್ತಿರುವುದನ್ನು ಕಂಡು ಅವನು ನಕ್ಕ. "ಅವು ಬ್ಯಾರೆ ಕಡೆ ಮೂಸಿ ತಿಂದದ್ದು. ಅದಕ್ಕ ಹೊಳಿ ದಾಟಿ ಇಲ್ಲಿಗೆ ಬರ್ತೀನಿ."

ಪಂಪಾಪತಿ ಕೆರವನ್ನು ಎತ್ತಿ ಅವನ ಮುಂದೆ ಹಿಡಿದ.

"ಹಾಕ್ಕೊಳ್ರಿ ಕೆರಾ."

"ಇರ್ಲಿ ಬಿಡೋ."

"ಹಾಕ್ಕೊಳ್ರಿ ಅಂತೀನಿ!"

"ಏ, ಏನಾತು ನಿನಗ? ಅವ್ವಾ, ನೀ ಆದರೂ ಏಳು, ಚೀಲ ಬಿಚ್ಚೋಣು. ಇದ್ದಲಿ ಕೆಂಪಾಗೈತಿ."

"ತಲಿ ತಿರುಗಾಕತ್ತೈತಿ, ಸ್ವಲ್ಪ ತಡಿ," ಎಂದಳು ಅವ್ವ. ಅಲುಗಲಿಲ್ಲ.

ಪಂಪಾಪತಿ ಮೂಸೆಯನ್ನು ನೋಡಿದ. ಅಷ್ಟು ಚೆಂದದ್ದನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಮರಳಿನ ಮೇಲಿದ್ದ ಕಾಳಾಚಾರಿಯ ಎಂಟು ಬೆರಳುಗಳನ್ನು ನೋಡಿದ. ಬೇರೆ ಯಾವ ಯೋಚನೆಯೂ ಬರಲಿಲ್ಲ. ಮೂಸೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಬಂಡೆಗೆ ಅಪ್ಪಳಿಸಿದ.

ಮೂಸೆ ಮೂರು ಹೋಳಾಯಿತು. ಕಾಳಾಚಾರಿ ಬಾಯಿ ತೆರೆದವನು ಮುಚ್ಚಲೇ ಇಲ್ಲ.

"ಒಳಗ ಗಂಟದಾವ," ಎಂದ ಪಂಪಾಪತಿ. ಅವನ ದನಿ ಅವನಿಗೇ ಗುರುತು ಹತ್ತಲಿಲ್ಲ. "ಸಾರಾಯಿ ಹಾಕಿಲ್ಲ. ನೀರಾಗ ತೊಳದೀನಿ. ಹೆಂಟಿ ಆಗಿತ್ತು, ಕುಟ್ಟಿ ಸೋಸೀನಿ."

ಒಡೆದ ಅಂಚನ್ನು ಕಾಳಾಚಾರಿ ಬಿಸಿಲಿಗೆ ಹಿಡಿದ. ಒಂದೇ ಬಣ್ಣ ಇರಬೇಕಾದ ಮೈಯಲ್ಲಿ ರಾಗಿಕಾಳಿನಷ್ಟು ಬಿಳಿ ಚುಕ್ಕೆಗಳು. ಪ್ರತಿ ಚುಕ್ಕೆಯ ಸುತ್ತ ಕೂದಲಿನಂಥ ಬಿರುಕು. ಸುಡುವಾಗ ಗಂಟು ತನ್ನೊಳಗೇ ಕುಗ್ಗಿ, ಸುತ್ತಲಿನ ಮಣ್ಣಿನಿಂದ ಬಿಡಿಸಿಕೊಂಡಿತ್ತು.

"ಇದು ಗೊತ್ತಿದ್ದೂ ತಂದಿಟ್ಟಿ?"

"ಹೌದ್ರಿ."

"ನಾ ಕೆರಾ ಬಿಚ್ಚದಿದ್ರ ಸುಮ್ನ ಇರ್ತಿದ್ದೇನು?"

ಸುಳ್ಳು ಹೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. "ಇರ್ತಿದ್ದೆ."

ಕಾಳಾಚಾರಿಗೆ ಕೆಂಡದಂಥ ಸಿಟ್ಟು ಬಂತು. ಬರಬೇಕಾದ್ದೇ. "ಮೂಸಿ ಬಿರಿದ್ರ ಕಂಚು ಕೆರಾ ನೋಡಿ ಬಿಡ್ತೈತೇನು? ತೊಡಿ ತನಕ ಏರ್ತೈತಿ! ನನ್ನ ಮನಿಗೆ ಬಂದು ನೀ ಉತ್ತರ ಹೇಳ್ತಿದ್ದೇನು? ಮಡಿ ಅಂತ ಮಡಿ! ಮನುಷ್ಯಾರು ಸುಟ್ಟರೂ ಅಡ್ಡಿಲ್ಲ, ನಿನ್ನ ಮಡಿ ಉಳಿಯಬೇಕು!"

ಪಂಪಾಪತಿ ತಲೆ ಎತ್ತಲಿಲ್ಲ. ಕಣ್ಣೀರು ಇಳಿದು ಹಣೆಯಿಂದ ಉದುರಿದ ವಿಭೂತಿಯ ಜೊತೆ ಗಡ್ಡಕ್ಕೆ ಅಂಟಿತು.

ಆಗ ಅವ್ವ ಚೀಲದ ಮೇಲಿನಿಂದ ಎದ್ದಳು.

ಕಾಳಾಚಾರಿ ಅವಳನ್ನು ನೋಡಿದ, ಚೀಲವನ್ನು ನೋಡಿದ. ಅವನ ಸಿಟ್ಟು ಅರ್ಧಕ್ಕೆ ನಿಂತಿತು. "ಅಂದ್ರ, ಮುಂಜಾನಿಂದ ಇದಕ್ಕೇನು ನೀ ಕಂಚಿನ ಮ್ಯಾಲ ಕುಂತದ್ದು? ಮೂಸಿಗೆ ಬೀಳಬಾರದಂತ?"

ಅವ್ವ ಅವನಿಗೆ ಒಂದು ಚೊಂಬು ಮಜ್ಜಿಗೆ ಕೊಟ್ಟಳು.

"ನಿನಗ ಗೊತ್ತಿತ್ತೇನವ್ವಾ?" ಎಂದ ಪಂಪಾಪತಿ.

"ಮೂರು ದಿನ ಒರಳು ಬಡದಿ. ನನಗ ಕಿವಿ ಇಲ್ಲಂತ ತಿಳದಿದ್ದೇನು? ಚಲೋ ಪುಡಿಗೆ ಒರಳು ಯಾಕ ಬೇಕು?"

"ಮತ್ತ ಯಾಕ ಸುಮ್ನಿದ್ದಿ?"

"ಪುಡಿದು ಗೊತ್ತಿತ್ತು. ನಿಂದು ಗೊತ್ತಿರಲಿಲ್ಲ."

ಕಾಳಾಚಾರಿ ಮಜ್ಜಿಗೆ ಮುಗಿಸಿ ಚೊಂಬು ಇಟ್ಟ. "ಹೋಗ್ಲಿ. ಮೂರು ವಾರದಾಗ ಮಳಿ ಬರ್ತೈತಿ. ಇನ್ನೊಂದು ಮೂಸಿ ನೀನ ಮಾಡಿಕೊಡವ್ವಾ."

"ಇವ ಮಾಡ್ತಾನ."

"ಇವನಾ?"

"ಒಡದಾವ ಇವನ ಅಲ್ಲೇನು?"

ಕಾಳಾಚಾರಿ ಕೆರ ಮೆಟ್ಟಿ, ಆಗಲಿ ಎಂದೂ ಅನ್ನದೆ, ಬೇಡ ಎಂದೂ ಅನ್ನದೆ, ಹರಿಗೋಲು ಹತ್ತಿ ಹೋದ.

ಪಂಪಾಪತಿ ಅವ್ವನ ಮುಂದೆ ಕುಳಿತ. ಊಟ ಬೇಡವೆಂದ. "ಒಂದು ಹೇಳವ್ವಾ. ಹೊಳಿ ನೀರಿನಾಗ ಇಲ್ಲದ್ದು ಆ ಹೊಲಸು ಸಾರಾಯಿ ಒಳಗ ಏನೈತಿ?"

"ಎದ್ದು ಹೊಳಿಗೆ ಇಳಿ. ಮುಳುಗಿ, ಒಳಗ ಕಣ್ಣು ತೆರಿ."

ಇಳಿದ. ಮುಳುಗಿ ಕಣ್ಣು ತೆರೆದ. ಅವನ ಉದ್ದ ಕೂದಲು ಮುಖದ ಸುತ್ತ ಎಳೆ ಎಳೆಯಾಗಿ ತೇಲುತ್ತಿತ್ತು. ಉಸಿರು ಕಟ್ಟಿ ಮೇಲೆದ್ದು ದಂಡೆಗೆ ಬಂದ.

"ಒಳಗ ಕೂದಲು ಹ್ಯಾಂಗಿದ್ದವು?"

"ಬಿಡಿ ಬಿಡಿ ಇದ್ದವು."

"ಈಗ?"

ಅವನು ತಲೆ ಮುಟ್ಟಿ ನೋಡಿಕೊಂಡ. ಕೂದಲೆಲ್ಲ ಮೆತ್ತಿಕೊಂಡು ನಾಲ್ಕೈದು ಹಗ್ಗಗಳಾಗಿದ್ದವು.

"ಅಂಟಿಕೊಂಡಾವ."

"ಯಾರು ಅಂಟಿಸಿದ್ರು?"

ಪಂಪಾಪತಿ ಒಂದು ಹಗ್ಗವನ್ನು ಕಣ್ಣಮುಂದೆ ಹಿಡಿದ. ಹನಿಗಳು ಹಗ್ಗದ ತುದಿಯಿಂದ ಬೀಳುತ್ತಿದ್ದವು. "ನೀರು," ಎಂದ ನಿಧಾನವಾಗಿ. "ಬಿಟ್ಟು ಹೋಗೂ ಮುಂದ."

"ನೀರಿನ ಕೈ ಗಟ್ಟಿ. ಹೋಗೂ ಮುಂದ ಎಲ್ಲಾರನ್ನೂ ಹಿಡಿದು ಜಗ್ಗಿ ಕೂಡಿಸಿ ಹೋಗ್ತೈತಿ. ಸಾರಾಯಿಗೆ ಅಷ್ಟು ಹಿಡಿತ ಇಲ್ಲ. ಹಗೂರಕ ಎದ್ದು ಹೋಗ್ತೈತಿ. ಪುಡಿ ಇದ್ದಂಗ ಇರ್ತೈತಿ."

"ಇದನ್ನ ಮೊದಲ ಯಾಕ ಹೇಳ್ಲಿಲ್ಲವ್ವಾ?"

"ಮೂರು ವರ್ಷ ಮೂಗು ಮುಚ್ಚಿಕೊಂಡು ಬಂದಿ. ಒಂದು ದಿನ ಬಾಯಿ ತೆರದು ಕೇಳಿದ್ದೇನು?"

ಮತ್ತೆ ಪಟಿಕ ಕರಗಿತು. ಮತ್ತೆ ಹನಿ ಬಿದ್ದಿತು. ಚೆಲ್ಲಬೇಕಾದದ್ದನ್ನೆಲ್ಲ ಚೆಲ್ಲಿದ. ಒಂಬತ್ತು ನೀರು ಮುಗಿದ ಮಧ್ಯಾಹ್ನ ಪಂಪಾಪತಿ ಡಬ್ಬಿ ಎತ್ತಿಕೊಂಡು ಊರಿಗೆ ಹೊರಟ. ಅಂದು ಸಂತೆ. ನೋಡುವವರಿಗೆ ಬರವಿಲ್ಲ.

"ಬಂದ್ರು, ಬಂದ್ರು! ತೀರ್ಥ ಮುಗದಿತ್ತೇನ್ರಿ ಸ್ವಾಮ್ಯಾರ?"

ಪಂಪಾಪತಿ ಮೂಗು ಮುಚ್ಚಲಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, "ಇದ್ದದ್ದರಾಗ ಭಾಳ ಕಡಕ್ ಯಾವುದೈತಿ?" ಎಂದ.

ಅಂಗಡಿಯ ಮುಂದಿದ್ದವರು ಬಿದ್ದು ಬಿದ್ದು ನಕ್ಕರು. ಅಪ್ಪನ ಕಡೆಯ ಒಬ್ಬ ಹಿರಿಯರು ದೂರದಿಂದ ಕಂಡು, ಕಾಣದವರಂತೆ ಮುಖ ತಿರುಗಿಸಿದರು. ಅವನಿಗೆ ನೋವಾಯಿತು. ಆದರೂ ಅಂಗಡಿಯವನು ತೋರಿಸಿದ ಮೂರು ಬಗೆಯನ್ನೂ ಅಂಗೈಗೆ ಹಾಕಿಸಿಕೊಂಡು, ಯಾವುದು ಬೇಗ ಆರುತ್ತದೆಂದು ನೋಡಿ, ಆರಿಸಿ ತಂದ. ತಾನೇ ಬಟ್ಟಿ ಇಳಿಸಿದ. ಹತ್ತನೆಯ ತೊಳೆತ ತೊಳೆದು ನೆರಳಿಗೆ ಹರವಿದ.

ಬಟ್ಟೆ ಬಿಚ್ಚಿದಾಗ ಅವನ ಉಸಿರಿಗೇ ಪುಡಿ ಎದ್ದು ಹುಬ್ಬಿಗೆ ಕೂತಿತು. ಅದನ್ನು ಸುಟ್ಟು, ಕರಿ ಗಡಿಗೆಯ ನೀರಿಗೆ ಉದುರಿಸಿದ. ಎಲ್ಲವೂ ಒಂದೇ ನಡೆಯಲ್ಲಿ ಇಳಿಯಿತು. ನಂಬಿಕೆ ಬಾರದೆ ಇನ್ನೊಂದು ಚಿಟಿಕೆ ಉದುರಿಸಿದ. ಮೂರನೆಯ ಚಿಟಿಕೆಗೆ ಅವ್ವ, "ಸಾಕು, ಮೂಸಿಗೂ ಒಂಚೂರು ಉಳಸು," ಎಂದಳು.

ಮೋಡ ಕಟ್ಟುವ ಮುಂಚೆ ಕಾಳಾಚಾರಿ ಬಂದ. ಬರುತ್ತಾನೋ ಇಲ್ಲವೋ ಎಂದು ಪಂಪಾಪತಿ ದಿನಾ ಆಚೆ ದಂಡೆ ನೋಡುತ್ತಿದ್ದ. ಕಾಳಾಚಾರಿ ಮೂಸೆಯನ್ನು ಬಾರಿಸಲಿಲ್ಲ, ತಿರುಗಿಸಿ ನೋಡಲಿಲ್ಲ. ಪಂಪಾಪತಿಯ ಮುಖವನ್ನೇ ನೋಡಿದ.

"ಹತ್ತೂ ಸರಿ ಆಗ್ಯಾವೇನು?"

"ಹತ್ತೂ ಆಗ್ಯಾವ್ರಿ. ಗಡಿಗಿ ನೀರಾಗ ನೀವ ಉದುರಿಸಿ ನೋಡ್ರಿ."

ಕಾಳಾಚಾರಿ ಉದುರಿಸಿ ನೋಡಿದ. ಆಮೇಲೆ ಮರಳ ಮೇಲೆ ಕುಳಿತು, ಕೆರದ ಪಟ್ಟಿ ಬಿಚ್ಚಿದ.

ಕಂಚು ಕುದಿಯಿತು. ಇಕ್ಕಳದಲ್ಲಿ ಮೂಸೆ ಮೇಲೆದ್ದಿತು. ಪಂಪಾಪತಿ ಬರಿಗಾಲಲ್ಲಿ ಮಗ್ಗುಲಿಗೆ ನಿಂತ. ಅವನ ಇನ್ನೊಂದು ಮಗ್ಗುಲಿಗೆ ಯಾರೋ ಬಂದರು. ಅವ್ವ. ಅವಳೂ ಬರಿಗಾಲಲ್ಲಿದ್ದಳು. ಅವಳು ನಿಲ್ಲಬೇಕೆಂದು ಯಾವ ರೂಢಿಯೂ ಇರಲಿಲ್ಲ.

ಮೂಸೆ ವಾಲಿತು. ಬೆಳಗಿನ ಸೂರ್ಯನ ಬಣ್ಣದ ಕಂಚು ದಾರದಂತೆ ಇಳಿದು ಅಚ್ಚಿನ ಬಾಯಿ ಸೇರಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಕಾಳಾಚಾರಿ ಖಾಲಿ ಮೂಸೆಯನ್ನು ಇಳಿಸಿ ಸುತ್ತಲೂ ನೋಡಿದ. ಕೂದಲೆಳೆಯ ಬಿರುಕಿಲ್ಲ. ಅವನು ಪಂಪಾಪತಿಯ ಬೆನ್ನಿಗೆ ಒಂದು ಗುದ್ದು ಕೊಟ್ಟ. ಸಿಟ್ಟಿನ ಬಾಕಿಯೂ ಸಂತೋಷವೂ ಅದರಲ್ಲೇ ಇತ್ತು.

ಅವನು ಅಚ್ಚಿನ ಕಡೆ ಹೋದ ಮೇಲೆ ಪಂಪಾಪತಿ ಇದ್ದಲ್ಲೇ ಕುಸಿದು ಕುಳಿತ. ಅವನ ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಎರಡೂ ಕೈಯಲ್ಲಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಅವ್ವಾ, ಹೋದ ಸಲ ಪುಡಿ ಕೆಟ್ಟಿತ್ತು, ಕಾಲು ಗಟ್ಟಿ ನಿಂತಿದ್ದವು. ಈ ಸಲ ಎಲ್ಲಾ ಸರಿ ಐತಂತ ನನಗ ಗೊತ್ತಿತ್ತು. ಆದರೂ ನೋಡು, ಹ್ಯಾಂಗ ನಡಗಾಕತ್ತಾವ. ನೀ ಬಂಡಿಗಲ್ಲಿನಂಗ ನಿಂದರ್ತಿ. ನನ್ನ ಕಾಲು ಎಂದು ಹಂಗ ಆಗ್ತಾವ?"

ಅವ್ವ ಅವನ ಪಕ್ಕ ಮರಳಿನ ಮೇಲೆ ಕುಳಿತಳು. ಅವನ ಕೈ ಹಿಡಿದು, ಸೀರೆಯ ಮೇಲೆ, ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ನಲವತ್ತು ವರ್ಷ ಆತಪ್ಪಾ," ಎಂದಳು. "ನಂದು ಇನ್ನೂ ನಿಂತಿಲ್ಲ, ಮುಟ್ಟಿ ನೋಡು."